ಗಾಡಿ ಕಾಣುವ ಕಿಟಕಿ

ನಮ್ಮ ಕಾಕಾನಿಗೆ ಕಾರು ಓಡಿಸುವುದು ಬರುತ್ತದೆ, ಹಿಂದಕ್ಕೆ ತೆಗೆಯುವುದು ಬರುತ್ತದೆ, ಎದುರಿಗೆ ಬಂದವನನ್ನು ಬೈಯುವುದಂತೂ ಬಹಳ ಚೆನ್ನಾಗಿ ಬರುತ್ತದೆ. ಬಾರದಿರುವುದು ಒಂದೇ, ಕಾರಿನಿಂದ ಇಳಿದು ಹೋಗುವುದು! ಇಳಿಯುತ್ತಾನೆ, ಕೀಲಿ ಹಾಕುತ್ತಾನೆ, ನಾಲ್ಕು ಹೆಜ್ಜೆ ಹೋಗುತ್ತಾನೆ, ತಿರುಗಿ ಬಂದು ಬಾಗಿಲಿನ ಹಿಡಿಕೆ ಜಗ್ಗಿ ನೋಡುತ್ತಾನೆ. ಜಗ್ಗಿ ಜಗ್ಗಿ ಆ ಹಿಡಿಕೆ ಸಡಿಲಾಗಿದೆ. ಈಗ ಹಿಡಿಕೆ ಸಡಿಲಾಗಿದೆಯಲ್ಲ ಎಂಬುದು ಅವನ ಹೊಸ ಚಿಂತೆ.

ಆಳಂದ ತಾಲ್ಲೂಕಿನ ಮಟಕಿಯಲ್ಲಿ ಅವನದು ತೊಗರಿ ಬೆಳೆಯುವ ಮನೆತನ. ನಮ್ಮ ಕಡೆ ಎತ್ತು ಕಟ್ಟಿದವನು ಎತ್ತು ಕಾಣುವ ಹಾಗೆ ಹೊರಸು ಹಾಕಿಕೊಂಡು ಮಲಗುತ್ತಾನೆ. ಕಾಕಾ ಎತ್ತು ಮಾರಿ ಬಿಳಿ ಕಾರು ತಂದ. ಅದನ್ನು ಎತ್ತು ಕಟ್ಟುತ್ತಿದ್ದ ಜಾಗದಲ್ಲೇ ನಿಲ್ಲಿಸಿದ. ಹೊರಸು ಇದ್ದಲ್ಲೇ ಇತ್ತು! ಬಂಡಿಯ ಗಾಲಿಗೆ ಕಲ್ಲು ಒಡ್ಡುತ್ತಿದ್ದ ರೂಢಿಯೂ ಹೋಗಲಿಲ್ಲ. ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಎರಡು ಕಲ್ಲುಗಳು ಸದಾ ಪ್ರಯಾಣ ಮಾಡುತ್ತಿರುತ್ತವೆ. ಅಫಜಲಪುರದ ಸಂತೆ ಬೀದಿ ಅಂಗೈಯಷ್ಟು ಸಮವಾಗಿದೆ. ಅಲ್ಲಿಯೂ ಗಾಲಿಗೆ ಕಲ್ಲು!

ಒಮ್ಮೆ ಗಾಣಗಾಪುರಕ್ಕೆ ಹೋಗಿದ್ದೆವು. ಅಲ್ಲಿ ಸಣ್ಣ ಕಿಂಡಿಯಲ್ಲಿ ಇಣುಕಿ ಪಾದುಕೆಗಳ ದರ್ಶನ ಮಾಡಬೇಕು. ಎಲ್ಲರೂ ಕಿಂಡಿಗೆ ಮುಖ ಕೊಟ್ಟು ನಿಂತರೆ, ಕಾಕಾ ಕತ್ತು ತಿರುಗಿಸಿ ಬಾಗಿಲ ಕಡೆ ನೋಡುತ್ತಿದ್ದ.

"ಯಜಮಾನ್ರ, ದೇವ್ರು ಈ ಕಡಿ ಇದ್ದಾನ್ರಿ" ಎಂದರು ಪೂಜಾರಿ.

"ಗೊತ್ತದ್ರಿ. ದೇವ್ರಿಗಿ ಯಾರೂ ಹೊಡ್ಕೊಂಡ್ ಹೋಗಂಗಿಲ್ಲಲ್ರಿ" ಎಂದ ಕಾಕಾ!

ಇಂಥವನು ಹೈದರಾಬಾದಿಗೆ ಹೊರಟ. ಮೋಜಿಗಲ್ಲ. ಕಾಕಿಯ ಹೃದಯದ ಕವಾಟ ಕೆಟ್ಟಿತ್ತು. ಹೈದರಾಬಾದಿನ ದವಾಖಾನೆಯಲ್ಲಿ ಬೆಳಿಗ್ಗೆ ಭರ್ತಿ, ಮರುದಿನ ಆಪರೇಷನ್. ಅಲ್ಲಿಯವರೆಗೆ ಮೆಟ್ಟಿಲು ಹತ್ತಿಸಬೇಡಿ, ದಣಿಸಬೇಡಿ ಎಂದು ಡಾಕ್ಟರು ಕೈ ಮುಗಿಯುವ ಹಾಗೆ ಹೇಳಿ ಕಳಿಸಿದ್ದರು. ಒಂದು ರಾತ್ರಿಗೆ ದವಾಖಾನೆ ಹತ್ತಿರ ಲಾಡ್ಜ್ ಹಿಡಿಯಬೇಕಿತ್ತು. ಜೇವರ್ಗಿಯಲ್ಲಿ ಮಾಸ್ತರಿಕೆ ಮಾಡುವ ನನ್ನನ್ನು, ಹಿಂದಿ ಬರುತ್ತದೆ ಎಂಬ ಅಪವಾದದ ಮೇಲೆ ಜೊತೆಗೆ ಕರೆದುಕೊಂಡರು.

ದಾರಿಯುದ್ದಕ್ಕೂ ಕಾಕಾ ಆಪರೇಷನ್ ಸುದ್ದಿ ಎತ್ತಲಿಲ್ಲ.

"ಅಲ್ಲಿ ಗಾಡಿ ಎಲ್ಲಿ ಹಚ್ಚೋದಲೇ ತಮ್ಮಾ?" ಗಾಡಿ ನಿಲ್ಲಿಸುವ ಜಾಗದ್ದೊಂದೇ ಮಾತು. ಹುಮನಾಬಾದಿನಲ್ಲಿ ಕೇಳಿದ, ಜಹೀರಾಬಾದಿನಲ್ಲಿ ಕೇಳಿದ, ಚಹಾ ಕುಡಿಯುವಾಗ ಕೇಳಿದ. ಹಿಂದಿನ ಸೀಟಿನಲ್ಲಿ ಕಾಕಿ ಕಣ್ಣು ಮುಚ್ಚಿ ಕುಳಿತಿದ್ದಳು. ಈ ಮನುಷ್ಯನಿಗೆ ಹೆಂಡತಿಯ ಚಿಂತೆ ಅನ್ನುವುದು ಇದೆಯೋ ಇಲ್ಲವೋ?

ನಾಂಪಲ್ಲಿಯ ಮೊದಲ ಲಾಡ್ಜಿನ ಮ್ಯಾನೇಜರ್ ಬೀದರ್ ಕಡೆಯವನು. ಕನ್ನಡ ಕೇಳಿ ನನಗೆ ಜೀವ ಬಂತು.

"ಏಸಿ ಖೋಲಿ ಬೇಕ್ರಿ, ಸಾದಾ ಬೇಕ್ರಿ?"

"ಕಿಡಕಿ ಇದ್ದದ್ದು ಬೇಕು" ಎಂದ ಕಾಕಾ.

"ಎಲ್ಲಾದಕ್ಕೂ ಕಿಡಕಿ ಅವರಿ."

"ಹಾಂಗಲ್ರಿ. ಗಾಡಿ ಕಾಣೋ ಕಿಡಕಿ ಬೇಕು. ಮಕ್ಕೊಂಡ್ರೂ ಕಾಣಬೇಕು."

ಕಾಕಿಯನ್ನು ಕೆಳಗೆ ಕೂರಿಸಿ ನಾವು ಮೂರನೇ ಮಹಡಿಗೆ ಹತ್ತಿದೆವು. ಕಾಕಾ ಚಪ್ಪಲಿ ಬಿಟ್ಟು ಮಂಚದ ಮೇಲೆ ಅಡ್ಡಾಗಿ ಕತ್ತು ಹೊರಳಿಸಿದ. ಕಾರಿನ ತಲೆ ಮಾತ್ರ ಕಾಣುತ್ತದಂತೆ. ಮಂಚ ಸರಿಸಿದೆವು. ಈಗ ಹೆಡ್‌ಲೈಟ್ ಕಂಡಿತು. ಇನ್ನಷ್ಟು ಸರಿಸಿದೆವು. ಇಡೀ ಕಾರು ಕಂಡಿತು! ಆದರೆ ಮಂಚ ಬಾಗಿಲಿಗೆ ಅಡ್ಡ ಬಂದು ಮ್ಯಾನೇಜರ್ ಹೊರಗೇ ಉಳಿದ. ಬಾಗಿಲು ಬಡಿದು ಬಡಿದು, "ಪಸಂದ ಬಂತೇನ್ರಿ?" ಎಂದು ಕೂಗುತ್ತಿದ್ದ.

ಮುಗಿಯಿತು ಅಂದುಕೊಂಡೆ. ಕೆಳಗಿಳಿದ ಕಾಕಾ ಹಿಂದಿರುಗಿ ಮೆಟ್ಟಿಲುಗಳನ್ನೊಮ್ಮೆ ನೋಡಿ, "ಲಿಫ್ಟ್ ಇಲ್ಲೇನ್ರಿ?" ಎಂದ. ಇರಲಿಲ್ಲ. "ಬ್ಯಾಡ್ರಿ ಹಾಂಗಾರ."

"ಗಾಡಿ ಕಾಣ್ತದಲ್ರಿ!" ಎಂದು ಮ್ಯಾನೇಜರ್ ಬಹಳ ನೊಂದುಕೊಂಡ.

ಎರಡನೆಯದು ದೊಡ್ಡ ಹೋಟೆಲು. ಲಿಫ್ಟ್ ಇತ್ತು, ತಣ್ಣಗಿತ್ತು, ಎಲ್ಲ ಇತ್ತು. ಬಾಗಿಲಲ್ಲೇ ಟೋಪಿ ಹಾಕಿದ ನಡುವಯಸ್ಸಿನ ಮನುಷ್ಯ ಬಂದು ಕೀಲಿಗಾಗಿ ಕೈ ಚಾಚಿದ. ಕಾಕಾ ಆ ಕೈ ಹಿಡಿದು ಕುಲುಕಿದ! ಬಂದವರ ಕಾರನ್ನು ಒಯ್ದು ನಿಲ್ಲಿಸುವುದೇ ಅವನ ಕೆಲಸ ಎಂದು ತಿಳಿದ ಮೇಲೆ ವಿಚಾರಣೆ ಶುರುವಾಯಿತು. ಯಾವೂರು? ಮನೆಯಲ್ಲಿ ಯಾರು ಯಾರು ಇದ್ದಾರೆ? ಎಷ್ಟು ವರ್ಷದಿಂದ ಇಲ್ಲಿದ್ದೀ? ಮಗಳನ್ನು ಕೊಡುವಾಗಲೂ ಜನ ಇಷ್ಟು ಕೇಳುವುದಿಲ್ಲ. ಆ ಪುಣ್ಯಾತ್ಮ ಎಲ್ಲದಕ್ಕೂ ನಗುತ್ತ ಉತ್ತರ ಕೊಟ್ಟ. ಕೊನೆಗೆ, ಕಾರನ್ನು ಎಲ್ಲಿ ಇಡುತ್ತೀ ಎಂದು ಕಾಕಾ ಕೇಳಿದ. ಹಿಂದಿನ ಗಲ್ಲಿಯಲ್ಲಿ ಎಂದ ಅವನು. ಕಾಕಾ ಗಾಜು ಏರಿಸಿದ.

ಮೂರನೆಯ ಕಡೆ ಕಾರುಗಳನ್ನು ಕಬ್ಬಿಣದ ಹಲಗೆಯ ಮೇಲೆ ನಿಲ್ಲಿಸಿ, ಯಂತ್ರದಿಂದ ಮೇಲಕ್ಕೆತ್ತಿ, ಒಂದರ ಮೇಲೊಂದು ಇಡುತ್ತಿದ್ದರು. ನಮ್ಮ ಕಣ್ಣೆದುರೇ ಯಾರದೋ ಕೆಂಪು ಕಾರು ಗರಗರ ಎಂದು ಮೇಲೇರಿತು. ಕಾಕಾ ಬಾಯಿ ತೆರೆದುಕೊಂಡು ನೋಡಿದ. ನಂತರ ಕೌಂಟರಿಗೆ ಹೋದರೆ, ಹೋಟೆಲಿನ ಲಿಫ್ಟ್ ಕೆಟ್ಟಿದೆ, ಮೆಟ್ಟಿಲು ಹತ್ತಬೇಕು ಎಂದರು.

"ಗಾಡಿಗಿ ಲಿಫ್ಟ್ ಅದ, ಮನಷ್ಯಾರಿಗಿ ಇಲ್ಲಾ?" ಕಾಕಾನ ದನಿಗೆ ರಸ್ತೆಯ ಜನವೆಲ್ಲ ತಿರುಗಿ ನೋಡಿದರು.

ನಾನೂ ನಗುವವನಿದ್ದೆ. ಆದರೆ ಕಾರಿಗೆ ಮರಳಿದಾಗ ಕಾಕಿ ಎದೆಯ ಮೇಲೆ ಕೈಯಿಟ್ಟುಕೊಂಡು ಬಾಯಿಂದ ಉಸಿರು ಎಳೆಯುತ್ತಿದ್ದಳು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ನನಗೆ ತಲೆ ಕೆಟ್ಟುಹೋಯಿತು.

"ಕಾಕಾ, ನಿನಗ ಗಾಡಿ ದೊಡ್ಡದೋ, ಕಾಕಿ ದೊಡ್ಡಾಕೆನೋ? ಏನಾರ ಆದ್ರ ಏನ್ ಮಾಡ್ತೀ?"

ಅವನು ಇಳಿದು, ಬಾಗಿಲಿನ ಹಿಡಿಕೆ ಜಗ್ಗಿ ನೋಡಿ, ಮತ್ತೆ ಬಂದು ಕುಳಿತ. ಕಾಕಿ ಒಂದು ಗುಟುಕು ನೀರು ಕುಡಿದು ನನ್ನ ಭುಜ ಮುಟ್ಟಿದಳು.

"ನೀ ಸುಮ್ನಿರಪಾ. ಅವರಿಗಿ ಹೆದರಿಕಿ ಬಂದ್ರ ಹಿಂಗೇ. ನಮ್ಮತ್ತಿ ಬ್ಯಾನಿ ಬಿದ್ದಾಗ ಎತ್ತಿನ ಹಗ್ಗಾನೇ ಬಿಚ್ಚಿ ಕಟ್ಟತಿದ್ರು, ದಿನಾ."

ಕೊನೆಗೆ ದವಾಖಾನೆಯ ಮಗ್ಗುಲಲ್ಲೇ ಒಂದು ಹಳೆಯ ಲಾಡ್ಜ್ ಸಿಕ್ಕಿತು. ಅಡುಗೆಮನೆಗೆ ಅಂಟಿದ ನೆಲಮಹಡಿಯ ಕೋಣೆ, ಅಂಗಳದಲ್ಲಿ ಪಾರ್ಕಿಂಗ್. ಕಿಟಕಿಯಿಂದ ಕೈ ಚಾಚಿದರೆ ಕಾರಿನ ಕನ್ನಡಿ ಸಿಗುತ್ತಿತ್ತು. ಮೆಟ್ಟಿಲಿಲ್ಲವೆಂದು ಕಾಕಿಗೆ ಸಮಾಧಾನ, ಗಾಡಿ ಕಾಣುತ್ತದೆಂದು ಕಾಕಾನಿಗೆ ಸಮಾಧಾನ. ಮೆಣಸಿನಕಾಯಿ ಒಗ್ಗರಣೆಗೆ ಸೀನಿ ಸೀನಿ ಸುಸ್ತಾದವನು ನಾನೊಬ್ಬನೇ!

ಬೆಳಿಗ್ಗೆ ಕಾಕಿಯನ್ನು ಭರ್ತಿ ಮಾಡಿದೆವು. ಕಾರು ದವಾಖಾನೆಯ ಅಂಗಳಕ್ಕೆ ಬಂತು. ಎರಡೂ ಕಲ್ಲುಗಳು ಗಾಲಿಗೆ ಬಂದವು. ಮರುದಿನ ಆಪರೇಷನ್ ಕೋಣೆಗೆ ಒಯ್ಯುವಾಗ ಕಾಕಾ ಸ್ಟ್ರೆಚರಿನ ಜೊತೆ ನಡೆಯುತ್ತಿದ್ದ. ಅವನ ಮುಖ ನೋಡಲಾಗುತ್ತಿರಲಿಲ್ಲ. ಬಾಗಿಲ ಹತ್ತಿರ ಕಾಕಿ ಅವನ ಅಂಗಿಯ ತುದಿ ಹಿಡಿದು, "ಗಾಡಿ ಬಿಸಿಲಿಗಿ ನಿಂತದೇನೋ, ನೆರಳಿಗಿ ಹಚ್ಚಿ ಬರ್ರಿ" ಎಂದಳು. ಬಾಗಿಲು ಮುಚ್ಚಿಕೊಂಡಿತು. ಹೇಳಿದ ಮಾತು ಕೇಳುವ ಹುಡುಗನ ಹಾಗೆ ಕಾಕಾ ಕೆಳಗೆ ಹೋದ.

ಬಹಳ ಹೊತ್ತಾದರೂ ಬರಲಿಲ್ಲ. ನಾನು ಹುಡುಕುತ್ತ ಇಳಿದೆ. ಅಂಗಳದ ನಡುವೆ ನಮ್ಮ ಬಿಳಿ ಕಾರು ಅಡ್ಡಡ್ಡ ನಿಂತಿತ್ತು. ಬಾಗಿಲು ಹಾರುಹೊಡೆದಿತ್ತು. ಇಂಜಿನ್ ಇನ್ನೂ ನಡೆಯುತ್ತಿತ್ತು. ಕಾವಲುಗಾರ ಸೀಟಿ ಊದಿ ಊದಿ ಕೆಂಪಾಗಿದ್ದ. ಕಾಕಾ ಅಲ್ಲಿರಲಿಲ್ಲ! ಕಾರು ಬದಿಗೆ ಹಚ್ಚಿ, ಕೀಲಿ ಜೇಬಿಗೆ ಹಾಕಿಕೊಂಡು ಮೇಲೆ ಓಡಿದೆ. ಬೇರೆ ಮೆಟ್ಟಿಲಿನಿಂದ ಹತ್ತಿ ಬಂದು ಅವನು ಆಪರೇಷನ್ ಕೋಣೆಯ ಬಾಗಿಲಿಗೆ ಒರಗಿ ನೆಲದ ಮೇಲೆ ಕುಳಿತಿದ್ದ. ಒಳಗೆ ಸ್ವಲ್ಪ ಸದ್ದಾದರೂ ತಲೆ ಎತ್ತುತ್ತಿದ್ದ. ನಾನು ಪಕ್ಕದಲ್ಲಿ ಕುಳಿತೆ. ಕೀಲಿಯನ್ನು ಅವನು ಕೇಳಲಿಲ್ಲ. ಸಂಜೆಗೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ, ಎಲ್ಲ ಸುರಳೀತವಾಗಿದೆ ಎಂದು ಹೇಳಿ ನರ್ಸಮ್ಮ ಒಳಗೆ ಬಿಟ್ಟರು. ನಳಿಕೆಗಳ ನಡುವೆ ಕಾಕಿ ಚಿಕ್ಕದಾಗಿ ಕಾಣುತ್ತಿದ್ದಳು. ಕಾಕಾ ಅವಳ ಎರಡು ಬೆರಳು ಹಿಡಿದುಕೊಂಡ. ಅವಳು ನಿಧಾನವಾಗಿ ಕಣ್ಣು ಬಿಟ್ಟು, ಅವನನ್ನು ಗುರುತು ಹಿಡಿದು, ಒಣಗಿದ ತುಟಿ ಅಲುಗಿಸಿದಳು.

"ಗಾಡಿ ಎಲ್ಲಿ ಹಚ್ಚೀರಿ?"

ಕಾಕಾನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಏನೂ ತಿಳಿಯದವನ ಹಾಗೆ ಅವಳ ಮುಖವನ್ನೇ ನೋಡಿ ಕೇಳಿದ:

"ಯಾವ ಗಾಡಿ ಬೇ?"