ಟೆಂಟಿನೊಳಗಿನ ಮಿಲಿಟರಿ

ಹುಬ್ಬಳ್ಳಿ ಬಸ್ಸಿನಿಂದ ಇಳಿದ ರೀಲಿನ ಡಬ್ಬಗಳಲ್ಲಿ ಪೌರಾಣಿಕ ಚಿತ್ರದ ಬದಲು ಯಾವುದೋ ಹಳೆಯ ಇಂಗ್ಲಿಷ್ ಚಿತ್ರವಿತ್ತು, ಯುದ್ಧಕಾಲದ ಪ್ರೇಮಕತೆ. ಕುಳಗೇರಿ ಕ್ರಾಸಿನ ಸಿನಿಮಾ ಟೆಂಟು ಆಗಲೇ ತುಂಬಿತ್ತು. ಮಾಲೀಕ ಮುರ್ತುಜಸಾಬ ಮೈಕನ್ನು ಕನಕಪ್ಪನ ಕೈಗೆ ತುರುಕಿದ.

"ನೀ ಮಿಲಿಟರಿ ಮನಶ್ಯಾ. ಮಂದಿಗೆ ಕನ್ನಡದಾಗ ಬಿಡಿಸಿ ಹೇಳಪಾ."

ಕನಕಪ್ಪನಿಗೆ ಇಂಗ್ಲಿಷೂ ಬರುತ್ತಿರಲಿಲ್ಲ, ಅವನು ಸೈನಿಕನೂ ಆಗಿರಲಿಲ್ಲ. ಎಪ್ಪತ್ತೊಂದರ ಯುದ್ಧದಲ್ಲಿ ಕಾದಾಡಿ ಬಂದೆನೆಂದು ಊರಿಗೆಲ್ಲ ಹೇಳಿಕೊಂಡಿದ್ದ, ಅಷ್ಟೆ. ಅದನ್ನು ನಂಬಿಯೇ ಹನಮಂತಪ್ಪ ಮಗಳು ಪದ್ಮವ್ವನನ್ನು ಕೊಡಲು ಒಪ್ಪಿದ್ದ. ಈಗ ಆ ಮಾವನೂ ಮನೆಮಂದಿಯೊಂದಿಗೆ ಟೆಂಟಿನಲ್ಲೇ ಕೂತಿದ್ದ. ಮೈಕು ಒಲ್ಲೆನೆಂದರೆ ಮದುವೆ ಮುರಿದಂತೆಯೇ.

ಪರದೆಯ ಮೇಲೆ ಸಿಪಾಯಿಯೊಬ್ಬ ನರ್ಸಿನ ಮುಖಕ್ಕೆ ಮುಖ ತಂದ.

"ಆಕಿ ಕಣ್ಣಾಗ ಧೂಳ ಬಿದ್ದೈತ್ರಿ. ಊದಾಕತ್ತಾನ."

"ಕಣ್ಣು ಇನ್ನೂ ಮ್ಯಾಲ ಐತಿ, ಲೇ!" ಮುಂದೆ ನೆಲದ ಮೇಲೆ ಕೂತಿದ್ದ ಮಾಳಪ್ಪ ಕೂಗಿದ. ಟೆಂಟು ಹಗ್ಗ ಹರಿಯುವಂತೆ ನಕ್ಕಿತು.

"ಆಕಿ ಅವನ ಹೇಣ್ತಿರಿ!" ಎಂದು ಕನಕಪ್ಪ ಮಾನ ಉಳಿಸಿಕೊಂಡ. ಅಷ್ಟರಲ್ಲಿ ಸಿಪಾಯಿ ಇನ್ನೊಬ್ಬಳನ್ನು ಅಪ್ಪಿಕೊಂಡ.

"ಮತ್ತ ಇಕಿ ಯಾರು?" ಹೆಂಗಸರ ಕಡೆಯಿಂದ ಪ್ರಶ್ನೆ ಬಂತು.

"ಇಕಿನೂ ಹೇಣ್ತಿನ... ಮಿಲಿಟರ್ಯಾಗ ಹಂಗ ಇರ್ತೈತ್ರಿ. ಕ್ಯಾಂಪಿಗೊಂದು ಸಂಸಾರ. ಸರಕಾರನ ಲಗ್ನಾ ಮಾಡ್ತೈತಿ."

ಹನಮಂತಪ್ಪ ಎದ್ದು ನಿಂತ. "ನಿನಗ ಎಷ್ಟ ಕ್ಯಾಂಪ್ ಆಗ್ಯಾವಪಾ, ಅಳಿಯಾ?"

ಕನಕಪ್ಪ ಬಿಸಿ ಮಿರ್ಚಿ ಇಡಿಯಾಗಿ ನುಂಗಿದವನಂತಾದ. "ಮಾವಾರ, ಬೀರಪ್ಪನಾಣಿಗೂ ಒಂದೂ ಇಲ್ರಿ! ನಾ ಮಿಲಿಟರಿಗೆ ಹೋಗೇ ಇಲ್ಲ. ಪುಣೇದಾಗ ಖಾನಾವಳಿಯೊಳಗ ಭಾಂಡೆ ತಿಕ್ಕತಿದ್ದೆ!"

ಕೈಯಲ್ಲಿ ಮೈಕಿತ್ತು. ಈ ಸತ್ಯ ಬಸ್ಸಿಗೆ ಕಾದವರಿಗೂ ಮುಟ್ಟಿತು.

"ಸುಳ್ಳಬುರಕಾ! ಈ ಸಂಬಂಧ ಇಲ್ಲಿಗೆ ಮುಗೀತು," ಹನಮಂತಪ್ಪ ಗುಡುಗಿದ.

ಹೆಂಗಸರ ಸಾಲಿನಿಂದ ಅವನ ಹೆಂಡತಿ ಸಂಗವ್ವ ಎದ್ದಳು. "ಸುಮ್ನ ಕುಂಡರ್ರಿ. ಸುಳ್ಳ ಹೇಳೋ ಗಂಡಸು ಮನಿಗೊಬ್ಬ ಅದಾನ. ಭಾಂಡೆ ತಿಕ್ಕಾಂವ ಎಲ್ಲಿ ಸಿಗ್ತಾನ?"

ಹೆಂಗಸರು ಚಪ್ಪಾಳೆ ತಟ್ಟಿದರು. ಗೊತ್ತುಮಾಡಿದ ಮುಹೂರ್ತಕ್ಕೇ ಮದುವೆಯಾಯಿತು.

ಊಟದ ಕೊನೆಯ ಪಂಕ್ತಿ ಎದ್ದಿದ್ದೇ ತಡ, ಸಂಗವ್ವ ಬಾಸಿಂಗವನ್ನೂ ಬಿಚ್ಚಗೊಡದೆ ಅಳಿಯನನ್ನು ಹಿತ್ತಲಿಗೆ ಕಳಿಸಿದಳು. ಅಲ್ಲಿ ಹಂಡೆ, ಕೊಪ್ಪರಿಗೆಗಳ ನಡುವೆ, ಮೊಣಕೈವರೆಗೆ ಬೂದಿ ಬಳಿದುಕೊಂಡು ಹನಮಂತಪ್ಪ ಕುಕ್ಕರಗಾಲಲ್ಲಿ ಕೂತಿದ್ದ.

"ಬಾರಪಾ," ಎಂದ ಮೆಲ್ಲಗೆ. "ನಾನೂ ಜರ್ಮನ್ ಯುದ್ಧಕ್ಕ ಹೋಗಿದ್ದೆ ಅಂತ ಹೇಳೇ ನಿಮ್ಮತ್ತಿನ್ನ ಲಗ್ನಾ ಮಾಡ್ಕೊಂಡಾಂವ."