ಐದು ಜನ ಸೇರಿದರೆ ಮಂಡಳಿ

೧. ಆಯ್ಕೆ

ಮಧ್ಯಾಹ್ನ ಊಟ ಮಾಡಿ ಕಣ್ಣು ಮುಚ್ಚಿದ್ದೆ. ಫೋನು ಬಂತು.

"ಸಾರ್, ಶಿಕ್ಷಣ ಮಂಡಳಿ ಆಫೀಸಿಂದ. ಹೆಡ್‌ಮಾಸ್ಟರ್ ಆಗಿ ರಿಟೈರ್ ಆದೋರು ನೀವೇನಾ?"

"ಹೌದು."

"ಬದುಕಿದೀರಾ ಸಾರ್?"

"ಸದ್ಯಕ್ಕೆ."

"ಅಬ್ಬ! ಹಾಗಾದ್ರೆ ನೀವೇ ಸಾರ್."

ವಿಷಯ ಇಷ್ಟು. ರಾಜ್ಯದ ಶಿಕ್ಷಣ ಮಂಡಳಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರಿಗೆ ಒಂದು ಸ್ಥಾನ ಉಂಟು. ಮೂರು ವರ್ಷದ ಅವಧಿ. ಐದು ಹೆಸರಿನ ಪಟ್ಟಿ ಒಪ್ಪಿಗೆಗೆ ಅಂತ ಸರ್ಕಾರಕ್ಕೆ ಹೋಗಿತ್ತು. ಅದು ಮೇಜಿಂದ ಮೇಜಿಗೆ ಹೋಗಿ ವಾಪಸ್ಸು ಬರುವಷ್ಟರಲ್ಲಿ ಮೇಲಿನ ನಾಲ್ವರು ತೀರಿಕೊಂಡಿದ್ದರು. ನಾನು ಐದನೆಯವನು.

ಹೆಂಡತಿ ಕೇಳಿದಳು. "ಎಷ್ಟು ಜನ ಇದ್ರಂತೆ ಪೈಪೋಟಿಗೆ?"

"ಐದು."

"ನಿಮ್ಮನ್ನೇ ಯಾಕೆ ಆರಿಸಿದ್ರು?"

"ಅರ್ಹತೆ."

ವಾರದ ಮೇಲೆ ಕಾಗದ ಬಂತು. ಬದುಕಿದ್ದೇನೆ ಎಂದು ಪ್ರಮಾಣಪತ್ರ ಕಳಿಸಬೇಕಂತೆ. ಫೋನು ಮಾಡಿದೆ. "ನಾನೇ ಮಾತಾಡ್ತಿದೀನಲ್ಲಪ್ಪ."

"ಬಾಯಲ್ಲಿ ಹೇಳಿದ್ರೆ ಆಗಲ್ಲ ಸಾರ್. ಪಟ್ಟೀಲಿ ಮೂರನೆಯವರೂ ಹೀಗೇ ಹೇಳಿದ್ರು."

೨. ಕನ್ನಡಿಯ ಗಡಿಯಾರ

ನಮ್ಮ ಜಯನಗರದ ರಸ್ತೆಯ ತುದಿಯಲ್ಲಿ ಒಂದು ಕಟಿಂಗ್ ಶಾಪ್. ತಿಂಗಳಿಗೊಮ್ಮೆ ಹೋಗುತ್ತೇನೆ. ಕತ್ತರಿಸಲು ಹೆಚ್ಚೇನಿಲ್ಲ. ಆದರೂ ಅವನು ಅರ್ಧ ಗಂಟೆ ತೆಗೆದುಕೊಳ್ಳುತ್ತಾನೆ. ನನಗೂ ಅದೇ ಬೇಕು.

ಆ ಅಂಗಡಿಯ ಗಡಿಯಾರ ಹಿಂದಿನ ಗೋಡೆಯಲ್ಲಿದೆ. ಕುರ್ಚಿಯಲ್ಲಿ ಕೂತರೆ ಎದುರಿನ ಕನ್ನಡಿಯಲ್ಲಿ ಕಾಣುತ್ತದೆ. ಅಂಕಿ ತಿರುವುಮುರುವು. ಮುಳ್ಳು ಹಿಂದಕ್ಕೆ ಓಡುತ್ತದೆ. ಕತ್ತರಿ ಕಿವಿಯ ಹತ್ತಿರ ಕಿಚಿಕಿಚಿ ಅನ್ನುತ್ತದೆ. ರೆಪ್ಪೆ ಭಾರವಾಗುತ್ತದೆ. ಎದ್ದಾಗ ಐದು ವರ್ಷ ಚಿಕ್ಕವನಾದ ಹಾಗೆ.

ಅವನ ಮಗಳು ಶಾಲೆ ಬಿಟ್ಟ ಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಹೋಂವರ್ಕ್ ಬರೆಯುತ್ತಾಳೆ. ಟೈಮೆಷ್ಟು ಎಂದು ಯಾರಾದರೂ ಕೇಳಿದರೆ, ತಿರುಗಿ ನೋಡುವ ಗೋಜಿಗೇ ಹೋಗುವುದಿಲ್ಲ. ಕನ್ನಡಿ ನೋಡಿ ಸರಿಯಾಗಿ ಹೇಳುತ್ತಾಳೆ. ಆಗ ಏಳನೆಯ ತರಗತಿ.

"ಮಂಡಳಿ ಅಂದ್ರೆ ಯಾರ್ಯಾರಿರ್ತಾರೆ ಮೇಷ್ಟ್ರೇ?" ಅಂದ ಅವನು.

"ಒಂಬತ್ತು ಜನ. ನಾಲ್ಕು ಹುದ್ದೆ. ಕಮಿಷನರ್, ಪರೀಕ್ಷೆ ಡೈರೆಕ್ಟರ್, ಪಠ್ಯಪುಸ್ತಕ ಡೈರೆಕ್ಟರ್, ಹಣಕಾಸು ಅಧಿಕಾರಿ. ಆ ಕುರ್ಚೀಲಿ ಯಾರು ಕೂತರೂ ಸದಸ್ಯರೇ. ಇನ್ನು ನಾಲ್ವರನ್ನ ಸರ್ಕಾರ ಹೆಸರಿಸುತ್ತೆ. ಒಬ್ಬ ಶಾಸಕ, ಒಬ್ಬ ಶಿಕ್ಷಣ ತಜ್ಞ, ಒಬ್ಬ ಹೆಡ್‌ಮಿಸ್ಟ್ರೆಸ್, ನಾನು. ಒಬ್ಬನನ್ನ ಮೇಷ್ಟ್ರುಗಳು ಓಟು ಹಾಕಿ ಕಳಿಸ್ತಾರೆ. ಐದು ಜನ ಸೇರಿದರೆ ಕೋರಂ. ಸೇರದಿದ್ದರೆ ಮಂಡಳಿ ಇಲ್ಲ."

ನಾನು ಆ ವರ್ಷ ಆಡಿದ ಅತಿ ಉದ್ದದ ಮಾತು ಅದು. ಅವನು ಕತ್ತರಿ ನಿಲ್ಲಿಸಿ ಕೇಳಿದ.

ಬೆಂಚಿನ ಮೇಲಿಂದ ಹುಡುಗಿ ಅಂದಳು. "ತಾತ, ನಿಮ್ಮ ಮಂಡಳಿ ನಮ್ಮ ಎಕ್ಸಾಂ ರೂಮಿಗೆ ಒಂದು ಗಡಿಯಾರ ಹಾಕ್ಸುತ್ತಾ?"

ಅವಳ ಶಾಲೆ ತಿಲಕ್ ನಗರದಲ್ಲಿ. ಪರೀಕ್ಷೆಗೆ ಕೈಗಡಿಯಾರ ಕಟ್ಟಿಕೊಂಡು ಹೋಗುವ ಹಾಗಿಲ್ಲ. ಕೋಣೆಯಲ್ಲಿ ಗಡಿಯಾರ ಇಲ್ಲ. ಬೆಲ್ಲು ಹೊಡೆಯುವ ಅಟೆಂಡರ್ ತನಗೆ ನೆನಪಾದಾಗ ಹೊಡೆಯುತ್ತಾನೆ. ಇವಳದು ಮುತ್ತಿನಂಥ ಅಕ್ಷರ, ನಿಧಾನ. ಗೊತ್ತಿದ್ದ ಎರಡು ಪ್ರಶ್ನೆ ಬರೆಯದೆ ಉಳಿದುಹೋಗಿತ್ತು. ಅತ್ತಿದ್ದಳು.

"ಟೆಂತ್‌ನಲ್ಲೂ ಹೀಗೇ ಆದ್ರೆ?" ಅಂದಳು.

ಅವಳಪ್ಪ ಅಂದ. "ಅದಕ್ಕೆ ಮಂಡಳಿ ಯಾಕೆ? ನಾಳೆ ನಾನೇ ಹೋಗಿ ಒಂದು ಮೊಳೆ ಹೊಡೆದು ತಗುಲಿಹಾಕ್ತೀನಿ."

ಆಗುವುದಿಲ್ಲ. ಪರೀಕ್ಷೆಯ ಕೋಣೆಯ ಗೋಡೆ ಬರಿದಾಗಿರಬೇಕು ಎಂದು ನಿಯಮ. ಕರಿಹಲಗೆಯ ಮೇಲಿನ ನಾಯಕರ ಫೋಟೋ ಒಂದಕ್ಕೆ ವಿನಾಯಿತಿ. ಬೇರೆ ಏನು ತಗುಲಿಹಾಕಬೇಕಾದರೂ ಮಂಡಳಿ ಒಪ್ಪಬೇಕು.

"ಇನ್ನೂ ಮೂರು ವರ್ಷ ಇದೆ," ಅಂದೆ. "ಆಗುತ್ತೆ."

"ಒಂದು ಮೊಳೆಗೆ ಮೂರು ವರ್ಷಾನಾ ಮೇಷ್ಟ್ರೇ?" ಅಂದ ಅವನು. "ನೀವು ಕತ್ತು ಅಲ್ಲಾಡಿಸ್ಬೇಡಿ, ಸಾಕು."

೩. ಕಾಫಿ

ಮೊದಲ ಸಭೆ. ಉದ್ದನೆಯ ಮೇಜು. ಒಂಬತ್ತು ಕುರ್ಚಿ, ಒಂಬತ್ತು ಫಲಕ. ನಮ್ಮ ಫಲಕದಲ್ಲಿ ಹೆಸರಿತ್ತು. ಅಧಿಕಾರಿಗಳದರಲ್ಲಿ ಬರೀ ಹುದ್ದೆ. ಹೆಸರು ಬರೆದರೆ ಬಣ್ಣ ಒಣಗುವ ಮೊದಲೇ ವರ್ಗವಾಗುತ್ತದೆ ಅಂದರು ಶಾಖಾಧಿಕಾರಿ. ಮಂಡಳಿಯ ನಡಾವಳಿ ಬರೆಯುವವರು ಅವರು. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವವರು.

ಬಂದವರು ಮೂರು ಜನ. ನಾನು, ಹೆಡ್‌ಮಿಸ್ಟ್ರೆಸ್ ಮೇಡಂ, ಪರೀಕ್ಷೆ ಡೈರೆಕ್ಟರ್. ಮೇಡಂ ಚೀಲದಿಂದ ಉತ್ತರಪತ್ರಿಕೆ ತೆಗೆದು ತಿದ್ದತೊಡಗಿದರು. ಕಿಟಕಿಯ ಆಚೆ ಹೊಂಗೆಮರದ ನೆರಳು ಅಲ್ಲಾಡುತ್ತಿತ್ತು. ಫ್ಯಾನು ಮನಸ್ಸಿಲ್ಲದ ಮನಸ್ಸಿನಿಂದ ತಿರುಗುತ್ತಿತ್ತು. ನಾನು ಕಣ್ಣು ಮುಚ್ಚಿದೆ.

ಕನಸಿನಲ್ಲಿ ಬಾಗಿಲು ತೆರೆಯಿತು. ಒಬ್ಬೊಬ್ಬರಾಗಿ ಬಂದು ಕೂತರು. ತಜ್ಞರು ಬಂದರು. ಕಮಿಷನರ್ ಬಂದರು. ನಾನು ಎದ್ದು ನಿಂತು ಗಡಿಯಾರದ ವಿಷಯ ಹೇಳಿದೆ. ಎಲ್ಲರೂ ಕೈ ಎತ್ತಿದರು. ಗೋಡೆಯ ಮೇಲೆ ತಾನಾಗಿ ಒಂದು ಗಡಿಯಾರ ಮೂಡಿತು. ಅಷ್ಟರಲ್ಲಿ ಶಾಸಕರೂ ಸಮಯಕ್ಕೆ ಸರಿಯಾಗಿ ಬಂದರು. ಕನಸು ಎಂದು ಆಗ ಗೊತ್ತಾಯಿತು.

ಎದ್ದಾಗ ಒಂದು ಗಂಟೆ. ಮೂರೇ ಜನ.

ಮೂಲೆಯಲ್ಲಿ ಫ್ಲಾಸ್ಕಿನ ತುಂಬ ಕಾಫಿ ಇತ್ತು. ಮೇಡಂ ಕೇಳಿದರು. ಶಾಖಾಧಿಕಾರಿ ಕೈಮುಗಿದರು. "ಕೋರಂ ಆಗದೆ ಕೊಡೋ ಹಾಗಿಲ್ಲ ಮೇಡಂ. ಕೋರಂ ಇಲ್ಲದಿದ್ರೆ ಸಭೆ ಇಲ್ಲ. ಸಭೆ ಇಲ್ಲದಿದ್ರೆ ಸಭೆಯ ಕಾಫಿ ಎಲ್ಲಿಂದ ಬರುತ್ತೆ?"

"ಕಾಫಿ ಆರೋದಕ್ಕೆ ಕೋರಂ ಬೇಡವಲ್ಲ?" ಅಂದರು ಮೇಡಂ. ತಾವೇ ಬಗ್ಗಿಸಿಕೊಂಡು ಕುಡಿದರು.

ಆ ತಿಂಗಳು ಕಟಿಂಗ್ ಶಾಪಿನಲ್ಲಿ ಹುಡುಗಿ ಕೇಳಿದಳು. "ಏನಾಯ್ತು ತಾತ?"

"ಕೋರಂ ಇಲ್ಲ."

೪. ಒಂದು ಕುರ್ಚಿ

ಮೇಷ್ಟ್ರುಗಳ ಓಟಿನಿಂದ ಬರುವ ಸ್ಥಾನ ಒಂದು ಅಂದೆನಲ್ಲ. ಚುನಾವಣೆ ಆಯಿತು. ಇಬ್ಬರಿಗೆ ಸಮ ಓಟು ಬಂತು. ಮತ್ತೆ ಎಣಿಸಿದರು. ಮತ್ತೆ ಸಮ. ಯಾರು ಗೆದ್ದವರು ಎಂದು ಸರ್ಕಾರಕ್ಕೆ ಬರೆದರು. ಉತ್ತರ ಬರಲಿಲ್ಲ.

ಮುಂದಿನ ಸಭೆಗೆ ಇಬ್ಬರೂ ಬಂದರು. ಇಬ್ಬರ ಕೊರಳಲ್ಲೂ ಹಾರ. ಕುರ್ಚಿ ಒಂದೇ. ಇಬ್ಬರೂ ಅದರಲ್ಲೇ ಕೂತರು. ಅರ್ಧ ಅವರು, ಅರ್ಧ ಇವರು.

ಅಂದು ನಾನಿದ್ದೆ, ಮೇಡಂ ಇದ್ದರು, ಅಧಿಕಾರಿಗಳು ಇಬ್ಬರು. ನಾಲ್ಕಾಯಿತು. ಇನ್ನೊಬ್ಬರು ಸಾಕು.

ಶಾಖಾಧಿಕಾರಿ ನಿಯಮದ ಪುಸ್ತಕ ತಿರುವಿದರು. "ಒಬ್ಬರಾಗಿದ್ರೆ ಲೆಕ್ಕಕ್ಕೆ ತಗೋಬಹುದು. ಇಬ್ಬರನ್ನ ತಗೊಳ್ಳೋಕಾಗಲ್ಲ. ಯಾರಾದ್ರೂ ಒಬ್ಬರು ಏಳಿ."

"ಅವರೇ ಏಳಲಿ. ಸೀನಿಯರು, ಹೀಗೆ ಕೂತರೆ ಅವರಿಗೆ ಕಾಲು ನೋವು."

"ನನಗೇನು ನೋವು? ನೀವೇ ಏಳಿ. ನಿಮ್ಮದು ಅರ್ಧ ಆಗಲೇ ಹೊರಗಿದೆ."

"ಎದ್ದರೆ ಸೋತ ಹಾಗೆ ಸಾರ್. ಮೇಷ್ಟ್ರುಗಳಿಗೆ ಏನಂತ ಮುಖ ತೋರಿಸಲಿ?"

ನಾಲ್ಕು ಗಂಟೆಯವರೆಗೆ ಕೂತರು. ಮೂತ್ರಕ್ಕೂ ಏಳಲಿಲ್ಲ. ಕೋಣೆಯಲ್ಲಿ ಆರು ಸದಸ್ಯರು, ಕೋರಂಗೆ ಒಬ್ಬರು ಕಡಿಮೆ ಎಂದು ನಡಾವಳಿ ಬರೆದಾಯಿತು.

ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಅವರಿಬ್ಬರೂ ಒಂದೇ ಸ್ಕೂಟರಿನಲ್ಲಿ ಶ್ರೀನಗರದ ಕಡೆ ಹೋದರು. ಹಿಂದೆ ಕೂತವರು ನನಗೆ ಕೈ ಬೀಸಿದರು.

೫. ಫೋಟೋ

ಶಾಸಕರು ಒಮ್ಮೆ ಬಂದರು. ಅಂದು ಅವರನ್ನು ಸೇರಿಸಿ ಸರಿಯಾಗಿ ಐದು ಜನ. ಮೊದಲು ಫೋಟೋ ಆಗಲಿ ಅಂದರು. ಆಯಿತು. ಫೋಟೋ ಜೊತೆಗೇ ಕೋರಂ ಕಾರು ಹತ್ತಿ ಹೋಯಿತು.

ತಜ್ಞರ ಮುಖ ನಾನು ನೋಡಿಲ್ಲ. ಶಿಕ್ಷಣದ ಬಗ್ಗೆ ಭಾಷಣ ಮಾಡಲು ಸದಾ ಪ್ರವಾಸದಲ್ಲಿ ಇರುತ್ತಾರಂತೆ.

ಹುಡುಗಿ ಎಂಟು ದಾಟಿದಳು. ಒಂಬತ್ತು ದಾಟಿದಳು. ಒಂಬತ್ತರಲ್ಲಿ ವಿಜ್ಞಾನದ ಕೊನೆಯ ಪ್ರಶ್ನೆ ಉಳಿಯಿತು. ಈಗ ಅವಳು ಕೇಳುವುದನ್ನೇ ಬಿಟ್ಟಿದ್ದಳು. ನಾನು ಕುರ್ಚಿಯಲ್ಲಿ ಕೂತರೆ ಕನ್ನಡಿಯಲ್ಲಿ ಒಮ್ಮೆ ನನ್ನ ಮುಖ ನೋಡಿ ಪುಸ್ತಕಕ್ಕೆ ತಲೆ ಬಗ್ಗಿಸುತ್ತಿದ್ದಳು. ಕನ್ನಡಿಯಲ್ಲಿ ಮುಳ್ಳು ಹಿಂದಕ್ಕೆ ಓಡುತ್ತಿತ್ತು. ನನಗೆ ನಿದ್ದೆ ಬರುವುದು ನಿಂತುಹೋಯಿತು.

೬. ಮೂರು ಕುರ್ಚಿ

ಹುಡುಗಿ ಹತ್ತನೆಯ ತರಗತಿ. ಮಾರ್ಚಿಯಲ್ಲಿ ಪರೀಕ್ಷೆ. ಜನವರಿಯಲ್ಲಿ ನಮ್ಮ ಅವಧಿ ಮುಗಿಯುತ್ತದೆ. ಕೊನೆಯ ಸಭೆ.

ಬಂದವರು ಮತ್ತೆ ಮೂರು ಜನ. ನಾನು, ಮೇಡಂ, ಪರೀಕ್ಷೆ ಡೈರೆಕ್ಟರ್. ಕಮಿಷನರ್ ಹುದ್ದೆ ಖಾಲಿ. ಪಠ್ಯಪುಸ್ತಕ ಡೈರೆಕ್ಟರ್ ನಿವೃತ್ತರಾಗಿದ್ದರು. ಹಣಕಾಸು ಅಧಿಕಾರಿಗೆ ವರ್ಗ. ಆ ಎರಡು ಹುದ್ದೆಯ ಹೆಚ್ಚುವರಿ ಪ್ರಭಾರ ಪರೀಕ್ಷೆ ಡೈರೆಕ್ಟರಿಗೇ ಕೊಟ್ಟಿದ್ದರು.

ನಾನು ಎದ್ದು ಚೀಲ ತೆಗೆದುಕೊಂಡೆ.

"ಕೂತ್ಕೊಳಿ ಸಾರ್," ಅಂದರು ಶಾಖಾಧಿಕಾರಿ. ಮೂರು ವರ್ಷದಲ್ಲಿ ಮೊದಲ ಸಲ ಅವರ ಕಣ್ಣು ಹೊಳೆಯಿತು. "ನಿಯಮದ ಪ್ರಕಾರ ಸದಸ್ಯ ಅಂದ್ರೆ ಹುದ್ದೆ, ಮನುಷ್ಯ ಅಲ್ಲ. ಡೈರೆಕ್ಟರ್ ಸಾಹೇಬರು ಮೂರು ಹುದ್ದೆ. ನೀವಿಬ್ಬರು. ಐದಾಯ್ತು!"

ಕಾಫಿ ಬಂತು. ಐದು ಲೋಟ. ಡೈರೆಕ್ಟರ್ ಮೂರನ್ನೂ ಕುಡಿದರು. ನಿಯಮ ಪಾಲಿಸುವ ಮನುಷ್ಯ.

ಕಮಿಷನರ್ ಇಲ್ಲದಾಗ ಹಿರಿಯರು ಅಧ್ಯಕ್ಷರು. ನಾನು. ಸಮ ಬಂದರೆ ಮಾತ್ರ ನನಗೆ ಓಟು. ಮೇಡಂ ಗಡಿಯಾರದ ಪ್ರಸ್ತಾಪ ಓದಿದರು. ಓಟಿಗೆ ಹಾಕಿದೆ. ಮೇಡಂ ಕೈ ಎತ್ತಿದರು.

ಡೈರೆಕ್ಟರ್ ಪರೀಕ್ಷೆಯ ಕುರ್ಚಿಯಲ್ಲಿ ಕೂತು ಅಂದರು. "ಬಹಳ ಒಳ್ಳೇದು. ಮಕ್ಕಳಿಗೆ ಅನುಕೂಲ. ನನ್ನ ಬೆಂಬಲ."

ಎದ್ದರು. ಹಣಕಾಸಿನ ಕುರ್ಚಿಗೆ ಹೋಗಿ ಕೂತರು. ಕನ್ನಡಕ ಬದಲಿಸಿದರು. "ಇಷ್ಟೊಂದು ಗಡಿಯಾರ ಎಲ್ಲಿಂದ ತರೋದು? ಆಗಲ್ಲ. ವಿರೋಧ."

ಮತ್ತೆ ಎದ್ದರು. ಪಠ್ಯಪುಸ್ತಕದ ಕುರ್ಚಿ. "ಮಕ್ಕಳು ಗಡಿಯಾರ ನೋಡ್ತಾ ಕೂತರೆ ಓದಿದ್ದು ಮರೆತು ಹೋಗುತ್ತೆ. ವಿರೋಧ."

ಅಲ್ಲಿಗೆ ಮುಗಿಯಲಿಲ್ಲ. ಓಡಿ ಪರೀಕ್ಷೆಯ ಕುರ್ಚಿಗೆ ಬಂದು, ಆಗಷ್ಟೇ ಖಾಲಿಯಾದ ಕುರ್ಚಿಯತ್ತ ಬೆರಳು ಮಾಡಿದರು. "ಅದು ಹೇಗೆ ಮರೆಯುತ್ತೆ? ಆಧಾರ ಏನು?"

ಮೇಡಂ ಪೆನ್ನು ಕೆಳಗಿಟ್ಟರು. "ಸಾರ್, ನೀವು ಮೂರೂ ಜನ ಹೊರಗೆ ಹೋಗಿ ಮಾತಾಡ್ಕೊಂಡು ಬಂದ್ಬಿಡಿ."

ಅವರು ನಿಜವಾಗಿಯೂ ವರಾಂಡಕ್ಕೆ ಹೋದರು. ಗಾಜಿನ ಆಚೆ ಹೊಂಗೆಯ ನೆರಳಲ್ಲಿ ಒಬ್ಬರೇ ಅತ್ತಿಂದಿತ್ತ ನಡೆದರು. ಒಮ್ಮೆ ತಲೆ ಅಲ್ಲಾಡಿಸಿದರು, ಒಮ್ಮೆ ಕೈ ಮುಗಿದರು. ನಾನು ಕನಸು ಕಾಣುತ್ತಿದ್ದೇನೆ ಅಂದುಕೊಂಡೆ. ಶಾಸಕರು ಬಂದಿರಲಿಲ್ಲ, ಹಾಗಾಗಿ ಕನಸಲ್ಲ.

ವಾಪಸ್ಸು ಬಂದರು. "ಒಮ್ಮತ ಆಗಲಿಲ್ಲ ಸಾರ್."

ಎರಡು, ಎರಡು. ಎಲ್ಲರೂ ನನ್ನ ಕಡೆ ನೋಡಿದರು.

"ಗಡಿಯಾರ," ಅಂದೆ.

ಡೈರೆಕ್ಟರ್ ಬಂದು ಕೈಕುಲುಕಿದರು. "ಅಭಿನಂದನೆ ಸಾರ್. ಅವರಿಬ್ಬರದೂ ಬಲು ಹಟ."

ಆದೇಶ ಹೊರಡಬೇಕಲ್ಲ. ಪರೀಕ್ಷೆ ವಿಭಾಗದಿಂದ ಕಡತ ಉಳಿದೆರಡು ವಿಭಾಗಕ್ಕೆ ಹೋಗಬೇಕು. ಮೇಜು ಒಂದೇ. ಆದರೂ ಮೂರು ವಾರ ಹಿಡಿಯಿತು. ಪರೀಕ್ಷೆ ಡೈರೆಕ್ಟರ್ ಪಠ್ಯಪುಸ್ತಕ ಡೈರೆಕ್ಟರಿಗೆ ಎರಡು ಜ್ಞಾಪನ ಪತ್ರ ಬರೆದರು. ಎರಡನೆಯದು ಸ್ವಲ್ಪ ಖಾರವಾಗಿತ್ತಂತೆ. ಕಡೆಗೆ ಪಠ್ಯಪುಸ್ತಕದವರು ಒಂದು ಷರತ್ತು ಹಾಕಿ ಸಹಿ ಮಾಡಿದರು: ಮಕ್ಕಳ ಗಮನ ಚದುರದಂತೆ ಗಡಿಯಾರವನ್ನು ಹಿಂದಿನ ಗೋಡೆಗೆ, ಮೇಲ್ವಿಚಾರಕರಿಗೆ ಮಾತ್ರ ಕಾಣುವಂತೆ ಹಾಕತಕ್ಕದ್ದು.

ನನಗೆ ಇದು ಗೊತ್ತಾದಾಗ ಅವಧಿ ಮುಗಿದಿತ್ತು.

೭. ಮಾರ್ಚಿ

ಪರೀಕ್ಷೆಯಷ್ಟೂ ದಿನ ಕಟಿಂಗ್ ಶಾಪಿನ ಕಡೆ ಹೋಗಲಿಲ್ಲ. ಕೂದಲು ಕಿವಿಗೆ ಬಂತು. ಹೆಂಡತಿ ಬೈದು ಕಳಿಸಿದಳು.

ಹುಡುಗಿ ಬೆಂಚಿನ ಮೇಲಿದ್ದಳು. ನಾನು ಕುರ್ಚಿಯಲ್ಲಿ ಕೂತೆ. ಅವಳಪ್ಪ ಬಟ್ಟೆ ಹೊದಿಸಿದ. ಕನ್ನಡಿಯಲ್ಲೇ ಕೇಳಿದೆ.

"ಗಡಿಯಾರ ಎಲ್ಲಿ ಹಾಕಿದ್ರು?"

"ಹಿಂದಿನ ಗೋಡೇಲಿ, ತಾತ."

"ತಿರುಗಿ ನೋಡಿದ್ಯಾ?"

"ತಿರುಗಿದ್ರೆ ಪೇಪರ್ ಕಿತ್ಕೊಂಡು ಆಚೆ ಕಳಿಸ್ತಾರೆ."

"ಮತ್ತೆ?"

"ಬೋರ್ಡ್ ಮೇಲೆ ನಾಯಕರ ಫೋಟೋ ಇದೆಯಲ್ಲ, ಅದರ ಗಾಜಲ್ಲಿ ಕಾಣ್ತಿತ್ತು. ಉಲ್ಟಾ. ನಮ್ಮ ಅಂಗಡಿ ಥರಾನೇ." ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಮೂರು ಗಂಟೆಯಲ್ಲಿ ಎಷ್ಟು ಸಲ ತಲೆ ಎತ್ತಿ ನೋಡಿದೆನೋ. ಕೊನೇ ದಿನ ಮಿಸ್ ಎಲ್ಲರ ಮುಂದೆ ಹೇಳಿದ್ರು, ದೇಶಭಕ್ತಿ ಅಂದ್ರೆ ಏನು ಅಂತ ಇವಳನ್ನ ನೋಡಿ ಕಲೀರಿ ಅಂತ."

ಅವಳಪ್ಪನ ಕತ್ತರಿ ನಿಂತಿತು. ನಗುವಿಗೆ ನನ್ನ ಕತ್ತು ಅಲ್ಲಾಡುತ್ತಿತ್ತು. ಅಲ್ಲಾಡಿಸ್ಬೇಡಿ ಅಂತ ಈ ಸಲ ಅವನು ಅನ್ನಲಿಲ್ಲ.

ಎಲ್ಲ ಪ್ರಶ್ನೆಗೂ ಉತ್ತರ ಬರೆದಿದ್ದಳು. ಹತ್ತು ನಿಮಿಷ ಉಳಿದಿತ್ತು.