ಕೇರೆ ಹಾವೂ ನನ್ನ ಗಂಟೂ

ಮನುಷ್ಯನಿಗೆ ಬರುವುದು ಒಂದೇ ವಿದ್ಯೆಯಾದರೆ ಅದನ್ನು ಎಲ್ಲಿ ಬೇಕಾದರೂ ಪ್ರಯೋಗಿಸಿಬಿಡುತ್ತಾನೆ. ಮೂರನೆಯ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೆ ಬರುವುದು ಗಂಟು ಹಾಕುವುದೊಂದೇ. ಪಿರಿಯಾಪಟ್ಟಣದ ಅಮಲ್ದಾರರಿಗೆ ವರ್ಗವಾದಾಗ ಅವರ ಗಾಜಿನ ಬೀರುವನ್ನು ಗಾಡಿಗೆ ಬಿಗಿಯಲು ನನ್ನನ್ನೇ ಕರೆಸಿದ್ದರು. ಈ ಹೆಮ್ಮೆಯೇ ನನ್ನ ತಮ್ಮ ಸಿದ್ದನ ಎರಡು ಕಾಲ್ಬೆರಳು ತಿಂದಿತು. ಊರು ಏನಾದರೂ ಅಂದುಕೊಳ್ಳಲಿ, ಬರೆದೇ ಬಿಡುತ್ತೇನೆ.

ಮೆದೆಯಿಂದ ಹುಲ್ಲು ಹಿರಿಯುತ್ತಿದ್ದಾಗ ಸಿದ್ದನ ಪಾದಕ್ಕೆ ಹಾವು ಕಚ್ಚಿತು. ಅವನು ಕೂಗುವಷ್ಟರಲ್ಲಿ ನಾನು ಗಾಡಿಯ ಹಗ್ಗ ತಂದು ಮೊಣಕಾಲ ಕೆಳಗೆ ಬಿಗಿದಿದ್ದೆ. ಊರೆಲ್ಲ ಕೂಡಿತು. ವಿಷ ಏರಿದೆಯೋ ಎಂದು ನೋಡಲು ಯಾರೋ ಅವನ ಬಾಯಿಗೆ ಮೆಣಸಿನಕಾಯಿ ತುರುಕಿದರು. “ಖಾರ ಕಣಣ್ಣೋ!” ಎಂದು ಸಿದ್ದ ಅತ್ತ. “ಖಾರ ಅಂದ, ಇಸ ಏರಿಲ್ಲ ಕಣ್ರಲಾ! ಏನ್ ಗಂಟು, ಏನ್ ಗಂಟು!” ಎಂದು ಪಕ್ಕದ ಮನೆಯ ಚೆನ್ನಪ್ಪ ನನ್ನ ಬೆನ್ನು ತಟ್ಟಿದರು.

ಆಗಲೇ ಹಾವು ಮೆದೆಯಿಂದ ಇಳಿದು ಬೇಲಿಯತ್ತ ಹೋದದ್ದು ನನಗೆ ಕಾಣಿಸಿತು. ದಿನವೂ ಇಲಿಗೆಂದು ಬರುತ್ತಿದ್ದ ಕೇರೆ. ವಿಷವೇ ಇಲ್ಲದ ಹಾವು. ತಕ್ಷಣ ಗಂಟು ಬಿಚ್ಚಬೇಕಿತ್ತು. ಆದರೆ ನನ್ನನ್ನು ಹುಟ್ಟಾ ದಡ್ಡ ಎಂದವರೆಲ್ಲ ಒಟ್ಟಿಗೆ ಹೊಗಳುತ್ತಿದ್ದರು. ಇನ್ನೂ ಸ್ವಲ್ಪ ಹೊತ್ತು ಕೇಳೋಣವೆನಿಸಿತು. ಆ ಸ್ವಲ್ಪ ಹೊತ್ತು ಸಂಜೆಯವರೆಗೂ ನಡೆಯಿತು. ಬೆರಳು ಕಪ್ಪಾದ ಮೇಲೆ ಹುಣಸೂರಿನ ಆಸ್ಪತ್ರೆಗೆ ಒಯ್ದೆವು. “ನಾಗರವೇ ಕಚ್ಚಿದ್ದರೂ ಹೀಗೆ ಬಿಗಿಯಬಾರದು. ಅಲುಗಾಡಿಸದೆ ಮಲಗಿಸಿ ಬೇಗ ತರಬೇಕು. ಇವನನ್ನು ಕಚ್ಚಿದ್ದು ಹಗ್ಗ” ಎಂದರು ಡಾಕ್ಟರು. ಊರಿಗೆ ಮಾತ್ರ ನಾನು ತಮ್ಮನ ಪ್ರಾಣ ಉಳಿಸಿದವನು.

ಮೊನ್ನೆ ಚೆನ್ನಪ್ಪನವರ ಹೆಂಡತಿಗೆ ನಿಜವಾಗಿಯೂ ನಾಗರ ಕಚ್ಚಿತು. ಚೆನ್ನಪ್ಪ ಹಗ್ಗ ಹಿಡಿದೇ ಓಡಿಬಂದರು. ಕಟ್ಟುವುದಿಲ್ಲ ಎಂದೆ.

“ತಮ್ಮಂಗೆ ಕಟ್ದೋನು ನಮ್ಗೆ ಕಟ್ಟಾಕಿಲ್ವೇನ್ಲಾ?”

“ಅವತ್ತು ಕಚ್ಚಿದ್ದು ಕೇರೆ ಕಣ್ರಪ್ಪಾ! ಗೊತ್ತಿದ್ರೂವೆ ಬಿಚ್ನಿಲ್ಲ ನಾನು!” ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ.

ಕುಂಟುತ್ತ ಬಂದು ನನ್ನ ಬಾಯಿ ಮುಚ್ಚಿದವನು ಸಿದ್ದ. “ಸುಮ್ಕಿರಣ್ಣ, ನಾಗರಾನೇ ಅದು! ಕೇರೆ ಕಚ್ಚಿ ಕುಂಟ ಆದ ಅಂದ್ರೆ ಜನ ಮಕದ್ ಮ್ಯಾಲೆ ನಗಾಕಿಲ್ವಾ?”

“ನಗ್ಲಿ ಬುಡು” ಎಂದು ಆಕೆಯನ್ನು ಗಾಡಿಯಲ್ಲಿ ಮಲಗಿಸಿ ಹುಣಸೂರಿನತ್ತ ಹೊಡೆದೆ. ಆಕೆ ಉಳಿದರು, ಕಾಲೂ ಉಳಿಯಿತು. ಆದರೆ ದಾರಿಯುದ್ದಕ್ಕೂ ಚೆನ್ನಪ್ಪ “ಈಗ್ಲಾದ್ರೂ ಕಟ್ಲಾ” ಎಂದು ಅಳುತ್ತಿದ್ದರು. ಅವರ ಮಾತನ್ನು ನಾನು ಕೇಳಲಿಲ್ಲ. ನನ್ನ ಕೈ ಮಾತ್ರ ಕೇಳಿಬಿಡುವ ಹಾಗಿತ್ತು. ಅದಕ್ಕೇ ಹಗ್ಗವನ್ನು ಸುರುಳಿ ಸುತ್ತಿ, ಅದರ ಮೇಲೆ ಕುಳಿತೇ ಗಾಡಿ ಹೊಡೆದೆ.